ಬರಿದು ತೊಟ್ಟಿಲಿನ ತಿಂಗಳು

ಎದೆಯ ಬೇನೆಯಿಂದ ಮಲಗಿದವರ ಮನೆಯವರು ಈಗಲೂ ಒಮ್ಮೊಮ್ಮೆ ನನ್ನಲ್ಲಿಗೆ ಬರುತ್ತಾರೆ. ಔಷಧದ ಮಾತು ಡಾಕ್ಟರರದು; ಅವರು ನನ್ನಿಂದ ಕೇಳಬಯಸುವುದು ಬೇರೆ. ಮಲಗಿದ ಮನುಷ್ಯನಿಗೆ ದಿನ ಹೇಗೆ ಕಳೆಯುತ್ತದೆ, ಗೋಡೆಯ ಕಡೆ ಮುಖ ತಿರುಗಿಸಿದಾಗ ಅವನು ಏನನ್ನು ನೋಡುತ್ತಿರುತ್ತಾನೆ, ಪಕ್ಕದಲ್ಲಿ ಕುಳಿತವರು ಏನು ಮಾಡಬೇಕು. ನಾನು ಪ್ರತಿಸಲವೂ ಒಂದೇ ಚಳಿಗಾಲದ ಸಂಗತಿಯನ್ನು ಹೇಳಿ ಕಳಿಸುತ್ತೇನೆ. ಹೇಳಿ ಹೇಳಿ ಅದು ನುಣುಪಾಗುತ್ತಿದೆ ಎಂಬ ಅಳುಕಿನಿಂದ, ಸಾಧ್ಯವಿದ್ದಷ್ಟು ತಾಳೆ ನೋಡಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಲ ನಿರ್ಣಯ. ಅದು ಎರಡನೆಯ ಮಹಾಯುದ್ಧ ಆರಂಭವಾದ ಮೇಲಿನ ಎರಡನೆಯ ಚಳಿಗಾಲ, ಅಂದರೆ ೧೯೪೦. ನಮ್ಮ ಕಡೆ ಕ್ರಿಸ್‌ಮಸ್ಸಿಗೆ ನಾತಾಳ ಎನ್ನುತ್ತಾರೆ. ನನ್ನ ನೆನಪಿನಲ್ಲಿ ಆ ನಾತಾಳದ ಬೆಳಗು ಬೆಳ್ದಿಂಗಳಿನಿಂದ ತುಂಬಿದೆ. ಆದರೆ ಹಳೆಯ ಪಂಚಾಂಗವನ್ನು ತೆಗೆದು ನೋಡಿದರೆ ಹೊಸ್ತಿಲ ಹುಣ್ಣಿಮೆ ಡಿಸೆಂಬರ್ ಹದಿನಾಲ್ಕರ ಸುಮಾರಿಗೇ ಆಗಿಹೋಗಿತ್ತು. ನಾತಾಳದ ಹೊತ್ತಿಗೆ ಅಮಾವಾಸ್ಯೆ ಹತ್ತಿರ ಬಂದಿತ್ತು. ಆದ್ದರಿಂದ ನಾನು ಕಂಡ ಬೆಳಕು ಚಂದ್ರನದಲ್ಲ. ಮಂಜಿನದೋ ಜ್ವರದ್ದೋ, ಹೇಳಲಾರೆ. ವರ್ಷದಲ್ಲಿ ಮಾತ್ರ ತಪ್ಪಿಲ್ಲ. ಡಿಸೆಂಬರಿನ ಮೊದಲ ತಾರೀಖೇ ಭಾನುವಾರವಾಗಿತ್ತೆಂದು ನನಗೆ ಚೆನ್ನಾಗಿ ನೆನಪಿದೆ, ಪಂಚಾಂಗವೂ ಅದನ್ನೇ ಹೇಳುತ್ತದೆ. ಆ ಭಾನುವಾರವೇ ತೊಟ್ಟಿಲು ಬಂದದ್ದು.

ನಾವು ಇಚಲಕರಂಜಿಯ ಜೈನರು. ತಂದೆಗೆ ನೂಲಿನ ವ್ಯಾಪಾರ. ನಾನು ಕೊಲ್ಹಾಪುರದಲ್ಲಿ ಕಾಲೇಜು ಓದುತ್ತಿದ್ದೆ. ಮಳೆಗಾಲದ ಕೊನೆಗೆ ಹಿಡಿದ ಕೆಮ್ಮು ದಸರೆ ಕಳೆದರೂ ಬಿಡಲಿಲ್ಲ. ಒಂದು ಸಂಜೆ ಕರವಸ್ತ್ರದಲ್ಲಿ ರಕ್ತ ಕಂಡಿತು. ತಂದೆ ಬಂದು ನನ್ನನ್ನು ಡಾಕ್ಟರರ ಬಳಿಗೆ ಕರೆದೊಯ್ದರು. ಹೊರಗಿನ ಬೆಂಚಿನ ಮೇಲೆ ಕುಳಿತಾಗ ಒಬ್ಬ ಹೆಣ್ಣುಮಗಳು ಸರಿದು ಜಾಗ ಕೊಟ್ಟಳು, ನಾನು ಕೆಮ್ಮಿದ ಕೂಡಲೇ ಮಗುವನ್ನು ಎತ್ತಿಕೊಂಡು ಎದುರಿನ ಗೋಡೆಗೆ ಹೋಗಿ ನಿಂತಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಖಾಲಿಯಾದ ಆ ಜಾಗದಲ್ಲಿ ತಂದೆ ಬಂದು ನನ್ನ ಮೈಗೆ ಮೈ ತಾಗಿಸಿ ಕುಳಿತರಲ್ಲ, ಅದನ್ನು ನಾನು ಮರೆತಿಲ್ಲ. ಒಳಗೆ ಡಾಕ್ಟರರು ತಂದೆಯೊಡನೆ ಮಾತ್ರ ಮಾತನಾಡಿದರು. ಮನೆಯಲ್ಲಿ ಆ ರೋಗದ ಹೆಸರನ್ನು ಯಾರೂ ಎತ್ತಲಿಲ್ಲ. ನನ್ನ ಹಿತ್ತಾಳೆಯ ಲೋಟ ಬೇರೆ ಗೂಡಿಗೆ ಹೋಯಿತು. ಅಷ್ಟರಿಂದಲೇ ನನಗೆ ತಿಳಿಯಿತು.

ಅವ್ವನ ತವರು ಮಹಾಗಾಂವ. ಅದಕ್ಕೆ ಹತ್ತಿರವೆಂದು ಗಡಹಿಂಗ್ಲಜದ ಹೊರಗೆ, ಹಿರಣ್ಯಕೇಶಿ ನದಿಯ ಮೇಲಿನ ದಿಬ್ಬದ ಮೇಲಿದ್ದ ಒಂದು ಸಣ್ಣ ಮಿಷನ್ ದವಾಖಾನೆಗೆ ನನ್ನನ್ನು ಸೇರಿಸಿದರು. ಅವ್ವ ತನ್ನ ಒಲೆ, ಪಾತ್ರೆ, ಒರಳು, ಗುಂಡುಕಲ್ಲುಗಳೊಡನೆ ಬಂದು ರೋಗಿಗಳ ಮನೆಯವರಿಗಾಗಿ ಕಟ್ಟಿದ್ದ ಛಾವಣಿಯ ಕೆಳಗೆ ಬಿಡಾರ ಮಾಡಿದಳು. ಪರರ ಒಲೆಯ ಅಡುಗೆ ನಮಗಿಲ್ಲ; ಹೊತ್ತು ಮುಳುಗಿದ ಮೇಲೆ ಊಟವೂ ಇಲ್ಲ. ಕೊಡಬೇಕಾದ ಮೊಟ್ಟೆಯನ್ನೂ ಮೀನೆಣ್ಣೆಯನ್ನೂ ಬಿಟ್ಟು ಹಾಲು, ಬೆಣ್ಣೆ, ಶೇಂಗಾ ಹೆಚ್ಚಿಸುವುದೆಂದು ಡಾಕ್ಟರರೂ ಅವ್ವನೂ ಬಹಳ ಹೊತ್ತು ಚೌಕಾಶಿ ಮಾಡಿ ಒಪ್ಪಿಕೊಂಡರು.

ಆಗ ಕ್ಷಯಕ್ಕೆ ಇಂದಿನ ಔಷಧಗಳಿರಲಿಲ್ಲ. ಪಕ್ಕೆಲುಬುಗಳ ನಡುವೆ ಸೂಜಿ ಇಳಿಸಿ ಗಾಳಿ ತುಂಬಿ, ಹುಣ್ಣಾದ ಪುಪ್ಪುಸವನ್ನು ಮುದುಡಿಸಿ ಮಲಗಿಸಿಡುತ್ತಿದ್ದರು. ಗಾಳಿ ತಾನಾಗಿ ಇಂಗುತ್ತದೆ. ಮತ್ತೆ ಮತ್ತೆ ತುಂಬಬೇಕು. ಮೊದಲ ಸಲ ಸೂಜಿ ಇಳಿದಾಗ ಡಾಕ್ಟರರು ಮರಾಠಿಯಲ್ಲಿ ಮೆಲ್ಲಗೆ, “ಆತಾ ಹಲಾಯಚಂ ನಾಹೀ, ಬಾಳ,” ಎಂದರು. ಇನ್ನು ಅಲುಗಾಡಬಾರದು, ಮಗು. ತಿಂಗಳುಗಟ್ಟಲೆ ನಾನು ಪಾಲಿಸಬೇಕಾಗಿದ್ದ ಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿತ್ತು.

ನಮ್ಮನ್ನೆಲ್ಲ ಉದ್ದನೆಯ ತೆರೆದ ಪಡಸಾಲೆಯಲ್ಲಿ ಮಲಗಿಸಿದ್ದರು. ಬೆಳಗಿನ ಜಾವ ನದಿಯಿಂದ ಮಂಜು ಎದ್ದು ದಿಬ್ಬ ಹತ್ತಿ, ಮಂಚಗಳ ಕಾಲುಗಳನ್ನು ಮುಚ್ಚಿ, ನಾವು ನೀರಿನ ಮೇಲೆ ತೇಲುತ್ತಿದ್ದೇವೆ ಅನ್ನಿಸುವಂತೆ ಮಾಡುತ್ತಿತ್ತು. ಕೆಳಗಿನ ಗಾಣಗಳಿಂದ ಕುದಿಯುವ ಕಬ್ಬಿನ ಹಾಲಿನ ಸಿಹಿ ವಾಸನೆ ಬರುತ್ತಿತ್ತು. ಜ್ವರದಲ್ಲಿ ವಾಸನೆಗೂ ಬಣ್ಣವಿರುತ್ತದೆ. ನನಗೆ ಅದು ಹಳದಿಯಾಗಿ ಕಾಣುತ್ತಿತ್ತು.

ಪಕ್ಕದ ಮಂಚ ಬೀರಪ್ಪನದು. ಹಲಕರ್ಣಿಯ ಕಡೆಯ ಕುರುಬ, ನನಗಿಂತ ತುಸು ಹಿರಿಯ. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದ. ಅವನು ಆ ಚಳಿಗಾಲವನ್ನು ದಾಟಲಿಲ್ಲ. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನ ನಗೆಮಾತುಗಳು ಬರುವಾಗ ಓದುವವರು ಅವನನ್ನು ನಗುನಗುತ್ತಲೇ ನೋಡಲಿ ಎಂದು ನನ್ನ ಆಸೆ.

ಅವ್ವ ಪ್ರತಿ ಬೆಳಗೂ ಬಂದು ನನ್ನ ಕನಸುಗಳನ್ನು ವಿಚಾರಿಸುತ್ತಿದ್ದಳು. ತೀರ್ಥಂಕರರು ಗರ್ಭಕ್ಕೆ ಬರುವ ಮೊದಲು ತಾಯಿಗೆ ಹದಿನಾರು ಕನಸುಗಳಾಗುತ್ತವೆಂಬುದು ನಮ್ಮ ನಂಬಿಕೆ. ಬಿಳಿ ಆನೆ, ಬಿಳಿ ಎತ್ತು, ಸಿಂಹ, ಹೂಮಾಲೆ, ಪೂರ್ಣಚಂದ್ರ, ಹೀಗೆ. ಅವ್ವನಿಗೆ ಶುಭಶಕುನದ ಅಳತೆಗೋಲು ಅದೇ.

“ಆನಿ ಕಂಡ್ಯಾ?”

“ಇಲ್ಲವ್ವಾ. ಮಗ್ಗ ಕಂಡೆ. ನಮ್ಮ ಓಣ್ಯಾಗಿನ ಮಗ್ಗ ಎಲ್ಲಾ ಒಮ್ಮೆ ಹೊಡ್ಯಾಕತ್ತಿದ್ದು, ಸಪ್ಪಳಾನ ಇರಲಿಲ್ಲ.”

“ಮಗ್ಗ ಲೆಕ್ಕಕ್ಕಿಲ್ಲ. ಎತ್ತರೆ ಕಂಡೀ ಇಲ್ಲೋ?”

ಬೀರಪ್ಪ ತನ್ನ ಮಂಚದಿಂದಲೇ ಅನ್ನುತ್ತಿದ್ದ: “ನನಗ ದಿನಾ ಕುರಿ ಕಾಣತಾವ ನೋಡವ್ವಾ. ಕುರಿ ನಡೀತೈತೇನು ನಿಮ್ಮ ದೇವ್ರಿಗೆ?”

ಡಿಸೆಂಬರ್ ಒಂದರ ಬೆಳಿಗ್ಗೆ ರೂತಬಾಯಿ ತೊಟ್ಟಿಲು ತಂದರು. ರೂತಬಾಯಿ ನಮ್ಮ ಪಡಸಾಲೆಯ ನರ್ಸು, ಗಡಹಿಂಗ್ಲಜದಲ್ಲೇ ಹುಟ್ಟಿ ಬೆಳೆದ ಕ್ರೈಸ್ತರು, ಮಾತು ನಮ್ಮದೇ. ಪಡಸಾಲೆಯ ತುದಿಯ ತೊಲೆಗೆ ಹಗ್ಗ ಹಾಕಿ, ಹಳೆಯ ಮರದ ತೊಟ್ಟಿಲನ್ನು ಇಳಿಬಿಟ್ಟು, ಅದರೊಳಗೆ ಒಣಹುಲ್ಲು ಹರಡಿ ಬಿಳಿ ಬಟ್ಟೆ ಹಾಸಿದರು. ಕೆಳಗೆ ಒಂದು ಹಣತೆ ಹಚ್ಚಿದರು. ವಾರಕ್ಕೊಂದರಂತೆ ನಾಲ್ಕು ಭಾನುವಾರ ಹಣತೆ ಹೆಚ್ಚುತ್ತ ಹೋಗುವುದು ಆ ದವಾಖಾನೆಯ ವಾಡಿಕೆ. ಅವರ ಧರ್ಮದಲ್ಲಿ ನಾತಾಳಕ್ಕೆ ಮುಂಚಿನ ಈ ವಾರಗಳಿಗೆ ಆಗಮನ ಕಾಲ ಎಂದು ಹೆಸರು.

“ಯಾರ ಕೂಸ ಬರತೈತ್ರಿ ಇಲ್ಲಿ?” ಅವ್ವ ಕೇಳಿದಳು.

“ದೇವರ ಕೂಸರಿ. ನಾತಾಳಕ್ಕ ಬರತೈತಿ.”

“ಅಲ್ಲೀತನಾ ಬರಿದನ ಇಡ್ತೀರಿ?”

“ಹೌದ್ರಿ ಬಾಯಾರ, ಬರಿದನ ಇರಬೇಕದು.”

ಬೀರಪ್ಪ ಎಂದ: “ಇಷ್ಟ ಮಂದಿ ಕೆಮ್ಮೂ ಜಾಗಾದಾಗ ಕೂಸ ತಂದ ಮಲಗಸೂ ದೇವ್ರು ಯಾರರೀ ಅಂವಾ. ನಮ್ಮ ಬೀರದೇವ್ರ ಆಗಿದ್ರ ಗುಡ್ಡ ಇಳೀತಿದ್ದಿಲ್ಲ.”

ಅವ್ವ ನಗಲಿಲ್ಲ. ನನಗಿಂತ ಮೊದಲು ಹುಟ್ಟಿದ ಇಬ್ಬರು ತೊಟ್ಟಿಲು ದಾಟಿರಲಿಲ್ಲ. ಬರಿದು ತೊಟ್ಟಿಲನ್ನು ತೂಗಬಾರದೆಂಬುದು ನಮ್ಮ ಕಡೆಯ ಎಲ್ಲ ಮನೆಗಳ ಕಟ್ಟುನಿಟ್ಟು. ತೂಗಿದರೆ ಮನೆಯ ಮಗುವಿಗೆ ಕೇಡು. ಇಲ್ಲಿ ತೂಗುವವರು ಯಾರೂ ಇರಲಿಲ್ಲ. ನದಿಯ ಕಡೆಯಿಂದ ಗಾಳಿ ಬಂದಾಗ ತೊಟ್ಟಿಲು ತಾನಾಗಿಯೇ ಅತ್ತಿತ್ತ ಹೋಗುತ್ತಿತ್ತು, ಹಗ್ಗ ಕಿರಗುಟ್ಟುತ್ತಿತ್ತು. ಅವ್ವ ಎದ್ದು ಹೋಗಿ ಕೈಯಿಂದ ಅದನ್ನು ನಿಲ್ಲಿಸಿ ಬರುತ್ತಿದ್ದಳು. ನನ್ನ ಹಣೆಯ ಬೆವರು ಒರೆಸುವಷ್ಟರಲ್ಲಿ ಮತ್ತೆ ಗಾಳಿ. ಮತ್ತೆ ಏಳುತ್ತಿದ್ದಳು. ನನಗೋ ಆ ತೂಗಾಟ ಹಿತವಾಗಿತ್ತು. ಕಣ್ಣು ಅರೆಮುಚ್ಚಿ ನೋಡುತ್ತಿದ್ದರೆ ಮಂಜಿನೊಳಗೆ ಕಾಣದ ಒಂದು ಕೈ ಅದನ್ನು ತೂಗುತ್ತಿದೆ, ಅದೇ ಲಯದಲ್ಲಿ ನನ್ನ ಒಂದೇ ಪುಪ್ಪುಸ ತೆರೆದು ಮುಚ್ಚುತ್ತಿದೆ ಎನ್ನಿಸುತ್ತಿತ್ತು. ಹೀಗೆಂದು ಅವ್ವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಹೊಸ್ತಿಲ ಹುಣ್ಣಿಮೆಯ ದಿನ ಸಂಜೆ ನನಗೆ ಮತ್ತೆ ರಕ್ತ ಬಂತು. ಬಟ್ಟಲು ಹಿಡಿದಿದ್ದ ಅವ್ವ ನನ್ನನ್ನು ನೋಡಲಿಲ್ಲ, ಪಡಸಾಲೆಯ ತುದಿಯನ್ನು ನೋಡಿದಳು. ನನ್ನ ನೆನಪು ನಾತಾಳಕ್ಕೆ ಜೋಡಿಸಿಕೊಂಡ ಬೆಳ್ದಿಂಗಳು ಬಹುಶಃ ಈ ದಿನದ್ದು.

ಮರುದಿನವೇ ಅವಳು ಮಹಾಗಾಂವಕ್ಕೆ, ತನ್ನ ತಮ್ಮ ಬಾಳೂಮಾಮನಿಗೆ ಹೇಳಿಕಳಿಸಿದಳು: ಗಾಡಿ ತಗೊಂಡು ಬಾ, ಮಗನನ್ನು ಒಯ್ಯೋಣ. ಡಾಕ್ಟರರು ಅವಳನ್ನು ಕೂರಿಸಿಕೊಂಡು, ಗಾಳಿ ತುಂಬುವುದನ್ನು ನಡುವೆ ನಿಲ್ಲಿಸಿದರೆ ಮುದುಡಿದ ಪುಪ್ಪುಸ ತೆರೆದುಕೊಳ್ಳುತ್ತದೆ, ಮಾಯುತ್ತಿರುವ ಹುಣ್ಣು ಹರಿಯುತ್ತದೆ, ಆಮೇಲೆ ತಮ್ಮಿಂದಲೂ ಏನೂ ಆಗದು ಎಂದು ತಿಳಿಯಹೇಳಿದರು. ಅವ್ವ ಎಲ್ಲವನ್ನೂ ಕೇಳಿದಳು. ಹೊರಗೆ ಬಂದು ಕಂಬಕ್ಕೆ ಒರಗಿ, ನಾನು ನಿದ್ದೆಯಲ್ಲಿದ್ದೇನೆಂದುಕೊಂಡು, ತನಗೆ ತಾನೇ ಎಂಬಂತೆ, “ಹೋಗೂದಾದ್ರ ಮನ್ಯಾಗಿಂದ ಹೋಗಲಿ. ಈ ತೊಟ್ಟಲಾ ನೋಡಕೋತ ಬ್ಯಾಡ,” ಎಂದಳು. ನನಗೆ ಮನೆಗೆ ಹೋಗಬೇಕೆಂದಿತ್ತು, ಬದುಕಬೇಕೆಂದೂ ಇತ್ತು. ಎರಡೂ ಒಟ್ಟಿಗೆ ಆಗದೆಂದು ಗೊತ್ತಿದ್ದೂ ನಾನು ಬಾಯಿ ತೆರೆಯಲಿಲ್ಲ. ಆಗ ಮಾತಿಗೂ ಉಸಿರು ಬೇಕಾಗಿತ್ತು.

ಬಾಳೂಮಾಮನ ಉತ್ತರ ಬಂತು. ಎತ್ತುಗಳನ್ನು ಗಾಣಕ್ಕೆ ಹೂಡಿದ್ದೇನೆ, ಕಡಿದ ಕಬ್ಬು ಒಣಗುತ್ತದೆ, ನಾತಾಳದ ಮರುದಿನ ಗಾಡಿ ತರುತ್ತೇನೆ ಎಂದು. ಅಲ್ಲಿಯವರೆಗೆ ಕಾಯಲು ಅವ್ವನಿಗೆ ಮನಸ್ಸಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಅವಳು ತನಗೆ ತಿಳಿದದ್ದನ್ನು ಮಾಡಿದಳು.

ಒಂದು ಬೆಳಿಗ್ಗೆ ಕಣ್ಣು ತೆರೆದರೆ ತೊಟ್ಟಿಲಿನಲ್ಲಿ ಮಗು ಇತ್ತು. ಬಿಳಿ ಕುಂಚಿಗೆಯೊಳಗೆ ಕಪ್ಪಾದ, ದುಂಡಗಿನ, ಹೊಳೆಯುವ ಮುಖ. ನಮ್ಮ ಬಸದಿಯ ಕರಿಕಲ್ಲಿನ ಪಾರ್ಶ್ವನಾಥನ ಮುಖಕ್ಕೆ ಎಣ್ಣೆ ಸವರಿದಾಗ ಇಂಥದೇ ಹೊಳಪು. ದೇವರ ಕೂಸು ಹೇಳಿದ ದಿನಕ್ಕಿಂತ ಮೊದಲೇ ಬಂದುಬಿಟ್ಟಿದೆ, ಯಾರಿಗೂ ಗೊತ್ತಿಲ್ಲ, ನನಗೊಬ್ಬನಿಗೇ ಗೊತ್ತು ಎಂದುಕೊಂಡೆ. ಆ ಕ್ಷಣದ ನೆಮ್ಮದಿಯನ್ನು ಮುಂದೆ ಎಷ್ಟು ಶಾಸ್ತ್ರಗ್ರಂಥಗಳನ್ನು ಓದಿದರೂ ನಾನು ಮತ್ತೆ ಪಡೆಯಲಿಲ್ಲ. ಅದು ಕಲ್ಲೆಂದು ತಿಳಿದ ಮೇಲೂ ಆ ನೆಮ್ಮದಿ ಸುಳ್ಳಾಗಲಿಲ್ಲ ಎಂಬುದು ನನಗೆ ಇಂದಿಗೂ ಆಶ್ಚರ್ಯ.

ಅದು ಅವ್ವನ ಗುಂಡುಕಲ್ಲು. ನಮ್ಮಲ್ಲಿ ಮಗುವಿಗೆ ಹೆಸರಿಡುವ ದಿನ, ಮಗುವಿಗಿಂತ ಮೊದಲು ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ತೊಟ್ಟಿಲಿನಲ್ಲಿ ಮಲಗಿಸಿ ತೂಗುತ್ತಾರೆ. ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ತೊಟ್ಟಿಲು ಬರಿದಾಗಿರಬಾರದು ಅಷ್ಟೇ. ಅವ್ವ ಅದನ್ನು ತುಂಬಿದ್ದಳು.

ಬೀರಪ್ಪ ತಲೆಯೆತ್ತಿ ನೋಡಿ, “ಅಯ್ಯ, ಯಾರ ಹಡದ್ರಿದನ್ನ? ಅಪ್ಪನ್ಹಂಗ ಕರ್ರಗ ಐತಲ್ಲ,” ಎಂದು ನಗಲು ಹೋಗಿ ಕೆಮ್ಮಿ ಕೆಮ್ಮಿ ದಿಂಬಿಗೆ ಬಿದ್ದ.

ರೂತಬಾಯಿ ಅವನಿಗೆ ನೀರು ಕುಡಿಸಿ, ತೊಟ್ಟಿಲ ಬಳಿ ಹೋಗಿ ಕಲ್ಲನ್ನು ಎತ್ತಿಕೊಂಡರು. ಎಳೆಯ ಮಗುವನ್ನು ಎತ್ತುವಂತೆಯೇ, ತಲೆಯ ಕೆಳಗೆ ಕೈಕೊಟ್ಟು. ಪಡಸಾಲೆಯ ಮೆಟ್ಟಿಲ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಅವ್ವ ಸೆರಗನ್ನು ಬಿಗಿದು ಎದುರು ನಿಂತಳು.

“ನಮ್ಮ ಮನ್ಯಾಗೂ ಹೆಸರಿಡೂ ದಿನಾ ಹಿಂಗ ಮಾಡ್ತಾರ್ರಿ ಬಾಯಾರ. ಸಣ್ಣಾಕಿದ್ದಾಗ ನಾನೂ ಕಲ್ಲ ತೂಗೇನಿ.”

“ಮತ್ತ ತಗದದ್ದ್ಯಾಕ?”

“ಕಲ್ಲ ಇಟ್ರ ಕೂಸಿನ ಜಾಗಾ ತುಂಬತೈತ್ರಿ. ಈ ತಿಂಗಳಾ ಅದು ತುಂಬಬಾರ್ದು. ಅಂವಾ ಬರ್ತಾನಂತ ಬಿಟ್ಟ ಜಾಗಾರಿ ಅದು.”

“ಬಿಟ್ಟ ಜಾಗಾ ನಾ ಎರಡ ನೋಡೇನಿ,” ಅವ್ವ ಅಂದಳು. “ಯಾರೂ ಬರಲಿಲ್ಲ.”

ರೂತಬಾಯಿ ತಲೆ ತಗ್ಗಿಸಿದರು. ಆದರೆ ಅವರ ಬಲಗೈ, ಅವರಿಗೆ ಅರಿವಿಲ್ಲದಂತೆ, ತೊಡೆಯ ಮೇಲಿನ ಕಲ್ಲನ್ನು ಮೆಲ್ಲಗೆ ತಟ್ಟುತ್ತಿತ್ತು. ಅವ್ವ ಆ ಕೈಯನ್ನು ನೋಡುತ್ತ ನಿಂತಳು. ನೋಡುತ್ತ ನೋಡುತ್ತ ಅವಳೂ ಮೆಟ್ಟಿಲ ಮೇಲೆ ಕುಳಿತಳು. ನಾನು ಅತ್ತ ತಿರುಗಿ ಮಲಗಿದ್ದೆ. ಕೆಳಗಿನ ಮಂಜು ಕರಗಿ ಕಬ್ಬಿನ ಗದ್ದೆಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು.

“ಬರಿದ ತೊಟ್ಟಲಾ ಇಡಬಾರದಂತೇನ್ರಿ, ತೂಗಬಾರದಂತೋ?” ರೂತಬಾಯಿ ಕೇಳಿದರು.

“ತೂಗಬಾರದು.”

“ಹಂಗಾದ್ರ ತೂಗೂದ ಬ್ಯಾಡ.” ಅವರು ಎದ್ದು ಗಾಯಕ್ಕೆ ಕಟ್ಟುವ ಪಟ್ಟಿಯ ಒಂದು ಸುರುಳಿ ತಂದು, ತೊಟ್ಟಿಲನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿದರು. “ನಾತಾಳದ ದಿನಾ ನೀವ ಬಿಚ್ಚರಿ.”

“ಮರುದಿನಾ ಗಾಡಿ ಬರತೈತಿ. ನಾವು ಹೋಗಾವ್ರು.”

“ಹೋಗೂ ಮುಂಚೆ ಬಿಚ್ಚಿ ಹೋಗರಿ.”

ಅವ್ವ ಕೈ ಚಾಚಿದಳು. “ಕಲ್ಲ ಕೊಡ್ರಿ. ಚಟ್ನಿ ಅರೀಬೇಕು.”

ಉಳಿದ ದಿನಗಳು ನಿಧಾನವಾಗಿ ಕಳೆದವು. ಗಾಳಿ ಬಂದರೂ ತೊಟ್ಟಿಲು ಅಲುಗಲಿಲ್ಲ. ಅವ್ವನಿಗೆ ಏಳುವ ಕೆಲಸ ತಪ್ಪಿತು; ಅವಳು ಪೂರ್ತಿ ಹೊತ್ತು ನನ್ನ ಬಳಿಯೇ ಕುಳಿತಳು. ಕುಳಿತು ಅವಳೂ ಹಣತೆಗಳನ್ನೇ ನೋಡುತ್ತಿದ್ದಳು. ಬೀರಪ್ಪ ಬೇಸರ ಕಳೆಯಲು ರೂತಬಾಯಿಯಿಂದ ನಾತಾಳದ ಕಥೆ ಹೇಳಿಸಿದ. ಛತ್ರದಲ್ಲಿ ಜಾಗ ಸಿಗದ ಬಸುರಿ, ದನಗಳ ಗೋದಲಿಯಲ್ಲಿ ಮಲಗಿಸಿದ ಕೂಸು, ಆ ಸುದ್ದಿ ಮೊಟ್ಟಮೊದಲು ಮುಟ್ಟಿದ್ದು ಹೊಲದಲ್ಲಿ ಕುರಿ ಕಾಯುವವರಿಗೆ.

“ಸುಳ್ಳ ಹೇಳಬ್ಯಾಡ್ರಿ ಬಾಯಾರ. ಕುರುಬರನ್ನ ಯಾರ ಮೊದಲ ಕರೀತಾರ? ನಮ್ಮನ್ನ ಮದುವಿಗಿ ಕರದ್ರ ಪಂಗತಿ ಎದ್ದ ಮ್ಯಾಲ ಕರೀತಾರ.”

“ಬರದೈತೋ.”

“ಬರದಾವ ಕುರುಬ ಇರಬೇಕ ಹಂಗಾದ್ರ.”

ತಾರೀಖಿನ ಚಟ ನನಗೆ ಆಗಲೇ ಇತ್ತು. ಡಿಸೆಂಬರ್ ಇಪ್ಪತ್ತೈದೆಂದು ಶಾಸ್ತ್ರದಲ್ಲಿ ಎಲ್ಲಿದೆಯೆಂದು ಕೇಳಿದೆ. ಎಲ್ಲಿಯೂ ಇಲ್ಲವೆಂದು ರೂತಬಾಯಿ ಸಹಜವಾಗಿಯೇ ಒಪ್ಪಿದರು. ಅದು ನಿಜ, ಆಮೇಲೆ ನಾನೂ ಹುಡುಕಿ ನೋಡಿದ್ದೇನೆ. “ಇವಂದ ಹುಟ್ಟಿದ ತಾರೀಖ ಗೊತ್ತೈತೇನ್ರಿ ನಿಮಗ?” ಎಂದು ಅವರು ಅವ್ವನತ್ತ ತಿರುಗಿದರು. ಅವ್ವ ಗಂಭೀರವಾಗಿ, “ಗೊತ್ತಿಲ್ಲದ ಏನ? ಗಾಣ ಹೂಡಿದ್ರು, ಕೆಂದಾಕಳಾ ಈದಿತ್ತು, ಭಾಳ ಥಂಡಿ ಇತ್ತು,” ಎಂದಳು. ಶಾಲೆಯ ದಾಖಲೆಯಲ್ಲಿ ನನ್ನ ಜನ್ಮದಿನ ಜೂನ್ ತಿಂಗಳಲ್ಲಿದೆ, ಮಾಸ್ತರರು ಬರೆದುಕೊಂಡದ್ದು. ಇತಿಹಾಸ ಬರೆಯುತ್ತ ಜೀವನವಿಡೀ ರಾಜರ ಕಾಲವನ್ನು ತಿದ್ದಿದ ನಾನು ಇದನ್ನು ಇನ್ನೂ ತಿದ್ದಿಲ್ಲ.

ಮುಂದೆ ಪ್ರಾಕೃತ ಪುರಾಣಗಳನ್ನು ಓದುವಾಗ, ಜಿನನು ಗರ್ಭಕ್ಕೆ ಬರುವುದಕ್ಕೆ ಆರು ತಿಂಗಳು ಮುಂಚಿನಿಂದಲೇ ಆ ಮನೆಯ ಅಂಗಳದಲ್ಲಿ ರತ್ನವೃಷ್ಟಿಯಾಗುವ ಪ್ರಸಂಗ ಬಂದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಆ ತೊಟ್ಟಿಲನ್ನು ನೆನೆಯುತ್ತಿದ್ದೆ. ಹಬ್ಬವೆಂದರೆ ಬಂದದ್ದರ ಸಂಭ್ರಮವೆಂದು ನಾವು ತಿಳಿದಿದ್ದೇವೆ. ಆ ದಿಬ್ಬದ ಮೇಲೆ ನಾನು ಕಂಡ ಹಬ್ಬದ ಬಹುಭಾಗ ಇನ್ನೂ ಬಾರದಿರುವುದಕ್ಕೆ ಮಾಡಿಟ್ಟ ಜಾಗವಾಗಿತ್ತು. ಎರಡು ಧರ್ಮಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅವು ಒಂದಲ್ಲ, ಅವುಗಳ ದೇವರ ಕಲ್ಪನೆಯೇ ಬೇರೆ. ಆದರೆ ಮುದುಡಿ ಮಲಗಿದ ನನ್ನ ಪುಪ್ಪುಸದ ಜಾಗವೂ ಅಂಥದೇ ಒಂದು ಬರಿದು ಎಂದು ಆ ತಿಂಗಳಲ್ಲಿ ನನಗೆ ಅನಿಸತೊಡಗಿತು. ಅದನ್ನು ಆತುರದಿಂದ ತುಂಬಿಸಬಾರದು. ಕಾದಿರಬೇಕು.

ನಾತಾಳದ ಬೆಳಿಗ್ಗೆ ಮಂಜು ಬಹಳ ದಟ್ಟವಾಗಿತ್ತು. ನಾಲ್ಕು ಹಣತೆಗಳ ಬೆಳಕು ಅದರಲ್ಲಿ ಕರಗಿ ಎಲ್ಲ ಕಡೆ ಒಂದೇ ಬಿಳುಪಾಗಿತ್ತು. ಹಾಡುವವರು ಎಲ್ಲಿ ನಿಂತಿದ್ದಾರೆಂದು ಕಾಣುತ್ತಿರಲಿಲ್ಲ, ಮರಾಠಿ ಹಾಡು ಮಾತ್ರ ನಮ್ಮ ಮಂಚಗಳ ನಡುವೆ ಓಡಾಡುತ್ತಿತ್ತು. ಬಿಳಿ ಅರಿವೆಯಲ್ಲಿ ಮಾಡಿದ ಒಂದು ಸಣ್ಣ ಗೊಂಬೆಯನ್ನು ರೂತಬಾಯಿ ಹುಲ್ಲಿನ ಮೇಲೆ ಮಲಗಿಸಿ, ಅವ್ವನನ್ನು ನೋಡಿದರು. ಅವ್ವ ಹೋಗಿ ಪಟ್ಟಿಯ ಗಂಟು ಬಿಚ್ಚಿದಳು. ಗಂಟು ಬಿಗಿದುಹೋಗಿತ್ತು, ಹಲ್ಲು ಹಚ್ಚಿ ಬಿಚ್ಚಬೇಕಾಯಿತು. ಬಿಚ್ಚಿ ಪಕ್ಕಕ್ಕೆ ನಿಂತಳು. ತೂಗಲಿಲ್ಲ.

“ತೂಗವ್ವಾ,” ಬೀರಪ್ಪನ ಧ್ವನಿ ಆ ಹೊತ್ತಿಗೆ ಬಹಳ ಸಣ್ಣದಾಗಿತ್ತು. “ಕೂಸ ಅಳಾಕತ್ತೈತಿ.”

ಅವ್ವ ತೂಗಿದಳು. ಬಸದಿಯಲ್ಲಿ ಜಿನಬಾಲನ ತೊಟ್ಟಿಲಿಗೆ ಹಾಡುವ ಹಾಡನ್ನು, ಬಾಯೊಳಗೇ, ಯಾರಿಗೂ ಕೇಳದಷ್ಟು ಮೆಲ್ಲಗೆ ಹಾಡಿದಳು. ನನಗೆ ಕೇಳಿಸಿತು.

ಮರುದಿನ ಬಾಳೂಮಾಮಾ ಹೇಳಿದಂತೆ ಬಂದ. ಗಾಡಿಯನ್ನು ಪಡಸಾಲೆಯ ಮೆಟ್ಟಿಲಿಗೆ ತಂದು ನಿಲ್ಲಿಸಿದ. ಎತ್ತುಗಳ ಮೈಯಿಂದ ಬಿಸಿ ಹಬೆ ಏಳುತ್ತಿತ್ತು.

“ಅಕ್ಕಾ, ಕೆಳಗ ಮೆತ್ತಗ ಹುಲ್ಲ ಹಾಸೇನಿ. ಮ್ಯಾಲ ಎರಡ ಕೌದಿ. ಎತ್ತಿ ಮಲಗಿಸಿದ್ರಾತು, ಕೂಸಿನ್ಹಂಗ ಒಯ್ತೇನಿ.”

ಅವ್ವ ಕೆಳಗಿಳಿದು ಗಾಡಿಯ ಸುತ್ತ ಒಮ್ಮೆ ಬಂದಳು. ಕೌದಿಯ ಮೇಲೆ ಅಂಗೈ ಒತ್ತಿ ನೋಡಿದಳು. ನಾನು ಉಸಿರು ಹಿಡಿದಿದ್ದೆ, ಹಿಡಿಯಬಾರದಿತ್ತು.

“ಭಾಳ ಚಲೋ ಹಾಸೀದಿ ಬಾಳೂ. ಮಳಿಗಾಲ ಹಿಡಿಯೂ ಮುಂಚೆ ಹಿಂಗ ಹಾಸಕೊಂಡ ಬಾ.”

“ಮತ್ತ ಈಗ?”

“ಈಗ ಅಂವಗ ಗಾಳಿ ತುಂಬೂದೈತಿ. ನೀ ಹೋಗು.”

“ಬರೀ ಗಾಡೀನ ಹೊಡಕೊಂಡ ಹೋಗ್ಲೇನ, ಅಕ್ಕಾ?”

“ಹೂಂ,” ಎಂದಳು ಅವ್ವ. “ಬರಿದ ಇರಲಿ. ಕೌದಿ ತಗೀಬ್ಯಾಡ.”

ಮಾಮಾ ಏನೂ ತಿಳಿಯದೆ ನನ್ನತ್ತ ನೋಡಿದ, ಎತ್ತುಗಳನ್ನು ತಿರುಗಿಸಿದ. ಹಾಸಿದ ಹಾಸಿಗೆಯೊಡನೆ ಗಾಡಿ ದಿಬ್ಬ ಇಳಿಯಿತು. ಅದರ ಹಗುರವಾದ ಸದ್ದು ನದಿಯ ಮಂಜಿನೊಳಗೆ ಹೋಗಿ ಸೇರುವವರೆಗೆ ಅವ್ವ ಅಲ್ಲಿಯೇ ನಿಂತಿದ್ದಳು.